ಗುರವ್ವನ ಹದಿನೆಂಟು ದಿನ

ಸಂಪಗಾಂವಿಯಿಂದ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವುದೆಂದರೆ ಗುರವ್ವನಿಗೆ ವಿಶ್ರಾಂತಿ. ಈ ಮಾತು ಕೇಳಿದವರು ನಗುತ್ತಾರೆ; ಒಮ್ಮೆ ನಡೆದು ಬಂದವರಾದರೆ ಸಿಟ್ಟಿಗೇಳುತ್ತಾರೆ. ಹೋಳಿಹುಣ್ಣಿಮೆಯ ಬೆನ್ನಿಗೇ ಹೊರಟು ಯುಗಾದಿಗೆ ಮುಂಚೆ ಮಲ್ಲಯ್ಯನ ಬಾಗಿಲು ಮುಟ್ಟಬೇಕು. ಹತ್ತಿರ ಹತ್ತಿರ ಐದು ನೂರು ಕಿಲೋಮೀಟರು. ಕಾದ ಡಾಂಬರಿಗೆ ಎರಡನೆಯ ದಿನ ಅಂಗಾಲು ಕೆಂಪಾಗುತ್ತದೆ, ಮೂರನೆಯ ದಿನ ನೀರುಗುಳ್ಳೆ ಏಳುತ್ತದೆ, ನಾಲ್ಕನೆಯ ದಿನ ಮೀನಖಂಡ ಗಂಟು ಕಟ್ಟಿ, ತೊಡೆಸಂದು ಹರಿದು ಉರಿಯುತ್ತದೆ. ಇಂಥದ್ದನ್ನು ವಿಶ್ರಾಂತಿ ಅನ್ನಬೇಕಾದರೆ ಮನೆಯಲ್ಲಿ ಇನ್ನೇನಿರಬೇಕು? ಮನೆಯಲ್ಲಿ ವಿರೂಪಾಕ್ಷಪ್ಪ ಇದ್ದ. ವರ್ಷದಲ್ಲಿ ಅವನ ಕೈ ಹೆಂಡತಿಯ ಮೈಮೇಲೆ ಬೀಳದೆ ಇರುತ್ತಿದ್ದದ್ದು ಹೋಗಿ ಬರುವ ಈ ಹದಿನೆಂಟು ದಿನ ಮಾತ್ರ.

ವಿರೂಪಾಕ್ಷಪ್ಪ ದನದ ದಲಾಲಿ. ಬೈಲಹೊಂಗಲದ ಸಂತೆಯಲ್ಲಿ ಅವನ ಮಾತಿಗೆ ತೂಕವಿತ್ತು. ಹಲ್ಲು ಹಿಡಿದು ಎತ್ತಿನ ವಯಸ್ಸು ಹೇಳುತ್ತಿದ್ದ, ಬಾಲ ತಿರುವಿ ಅದರ ಕಸುವು ಹೇಳುತ್ತಿದ್ದ. ಮನೆಗೆ ಬಂದ ಮೇಲೂ ಕೈಗೆ ಅದೇ ಚಾಳಿ. ಮದುವೆಯಾದ ವರ್ಷವೇ ಗುರವ್ವನ ಬಲಗಿವಿ ಕೇಳಿಸದಾಯಿತು. ಮಗಳು ಶೈಲಜಾ ಹೊಟ್ಟೆಯಲ್ಲಿದ್ದಾಗ ಎರಡು ಪಕ್ಕೆಲುಬು ಮುರಿದವು. ರೊಟ್ಟಿ ಆರಿತ್ತು, ಕರು ಹಾಲು ಕುಡಿದಿತ್ತು, ಅವಳು ಯಾರೊಡನೆಯೋ ನಕ್ಕಿದ್ದಳು, ಕಾರಣಗಳಿಗೇನು ಬರ? ಯಾವ ಕಾರಣವೂ ಸಿಗದ ದಿನ ಅವಳು ಸುಮ್ಮನಿದ್ದದ್ದೇ ಕಾರಣ. ನೆರೆಮನೆಯವರು ಒಳ್ಳೆಯ ಜನ. ಸದ್ದು ಶುರುವಾದೊಡನೆ ತಮ್ಮ ಟೀವಿಯ ಸದ್ದು ಏರಿಸುತ್ತಿದ್ದರು.

ಮಗ ಹೊಡೆದದ್ದನ್ನು ವಾಸಿ ಮಾಡುವ ಕೆಲಸ ತಾಯಿಯದು. ಅತ್ತೆ ಅರಿಷಿಣ ಅರೆದು, ಔಡಲೆಣ್ಣೆ ಬಿಸಿ ಮಾಡಿ, ಕಾಯಿಸಿದ ಇಟ್ಟಂಗಿಗೆ ಬಟ್ಟೆ ಸುತ್ತಿ ಸೊಸೆಯ ಬೆನ್ನಿಗೆ ಕಾವು ಕೊಡುತ್ತಿದ್ದಳು. "ನನ್ನ ಮಗಾ ಸಿಟ್ಟಿನ್ಯಾಂವ, ಆದ್ರ ಮನಸ ಚಲೋ ಐತಿ" ಎಂದು ಜೊತೆಗೊಂದು ಮಾತನ್ನೂ ಹಚ್ಚುತ್ತಿದ್ದಳು. ಆ ಮನಸ್ಸು ಎಲ್ಲಿತ್ತೋ, ಗುರವ್ವನ ಕಣ್ಣಿಗೆ ಬೀಳಲಿಲ್ಲ. ಆದರೆ ಮುದುಕಿಯ ಕೈ ನೋಡಿ ನೋಡಿ ವಿದ್ಯೆ ಮಾತ್ರ ಅವಳಿಗೆ ಬಂತು. ಬಾತ ಜಾಗಕ್ಕೆ ಏನು, ಒಡೆದ ಜಾಗಕ್ಕೆ ಏನು, ಎಲುಬು ಮುರಿದಿದೆಯೋ ಬರೀ ಉಳುಕಿದೆಯೋ ಎಂಬುದನ್ನು ಒತ್ತಿ ನೋಡಿ ಹೇಳುವುದು ಹೇಗೆ, ಎಲ್ಲವನ್ನೂ ಅವಳು ತನ್ನ ಮೈಮೇಲೇ ಕಲಿತಳು.

ಅದೇ ಅತ್ತೆ ಕಡೆಗಾಲಕ್ಕೆ ಒಂದು ಉಪಕಾರ ಮಾಡಿದಳು. ಹನ್ನೆರಡು ವರ್ಷ ಶ್ರೀಶೈಲಕ್ಕೆ ನಡೆಯುತ್ತೇನೆಂದು ಹರಕೆ ಹೊತ್ತಿದ್ದವಳಿಗೆ ಕಾಲು ಬಿದ್ದುಹೋದವು. "ನನ್ನ ಬದಲಿ ನನ್ನ ಸೊಸಿ ನಡೀಲಿ" ಎಂದು ಮಗನಿಂದ ಭಾಷೆ ತೆಗೆದುಕೊಂಡು ಕಣ್ಣು ಮುಚ್ಚಿದಳು. ವಿರೂಪಾಕ್ಷಪ್ಪ ಈ ಲೋಕದಲ್ಲಿ ಹೆದರುತ್ತಿದ್ದದ್ದು ಇಬ್ಬರಿಗೆ, ತಾಯಿಗೆ ಮತ್ತು ಮಲ್ಲಯ್ಯನಿಗೆ. ಬೇಡವೆನ್ನಲು ಬಾಯಿ ಬರಲಿಲ್ಲ. ಮುದುಕಿ ಬೇಕೆಂದೇ ಹಾಗೆ ಮಾಡಿದ್ದರೆ ಅವಳಿಗೆ ಒಳ್ಳೆಯದಾಗಲಿ.

ದಾರಿಯಲ್ಲಿ ಗುರವ್ವ ಬೇರೆಯೇ ಹೆಂಗಸು. ಮೊದಲ ವರ್ಷವೇ ಅವಳಿಗೆ ಒಂದು ವಿಷಯ ಹೊಳೆದಿತ್ತು: ಈ ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಮನೆಯ ನೋವಿಗೆ ಆ ಮರ್ಯಾದೆ ಇರಲಿಲ್ಲ. ಡಾಂಬರಿನ ಅಂಚಿಗೆ ಎಳೆದ ಬಿಳಿ ಪಟ್ಟಿ ಕಪ್ಪು ರಸ್ತೆಯಷ್ಟು ಕಾಯುವುದಿಲ್ಲ, ಅದರ ಮೇಲೇ ಹೆಜ್ಜೆಯಿಡಬೇಕೆಂದು ಹೊಸಬರಿಗೆ ತೋರಿಸಿಕೊಟ್ಟವಳು ಅವಳು. ಗುಳ್ಳೆಯೆದ್ದವರ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಔಡಲೆಣ್ಣೆ ಅರಿಷಿಣದಲ್ಲಿ ಅದ್ದಿದ ನೂಲನ್ನು ಸೂಜಿಯಿಂದ ಗುಳ್ಳೆಯ ಈ ಬದಿಯಿಂದ ಆ ಬದಿಗೆ ಎಳೆದು, ನೂಲನ್ನು ಅಲ್ಲೇ ಬಿಟ್ಟು ಕತ್ತರಿಸುತ್ತಿದ್ದಳು. ನೀರು ನೂಲಿನಗುಂಟ ಇಳಿದು ಹೋಗುತ್ತಿತ್ತು, ಮೇಲಿನ ಚರ್ಮ ಹಾಗೇ ಕೂತು ಒಳಗಿನ ಮಾಂಸ ಕಾಯುತ್ತಿತ್ತು. "ಗುಳ್ಳಿ ಒಡೀಬಹುದು, ತೊಗಲ ಮಾತ್ರ ಸುಲೀಬಾರದು. ಸುಲದ್ರ ಪಾದಯಾತ್ರಿ ಮುಗೀತು" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಅವಳ ಸೂಜಿ ಮುಟ್ಟಿದ ಕಾಲು ಮರುದಿನ ನಡೆಯದೆ ಉಳಿದದ್ದಿಲ್ಲ. ತಂಡದ ಮುಖ್ಯಸ್ಥ, ಎಪ್ಪತ್ತು ದಾಟಿದ ಮಲಕಾಜಪ್ಪಜ್ಜನಿಂದ ಹಿಡಿದು ಎಲ್ಲರೂ ಅವಳನ್ನು ಸೂಜಿ ಗುರವ್ವ ಎಂದೇ ಕರೆಯುತ್ತಿದ್ದರು. ಊರಲ್ಲಿ ಅವಳಿಗೆ ಹೆಸರೇ ಇರಲಿಲ್ಲ, ವಿರೂಪಾಕ್ಷಪ್ಪನ ಹೆಂಡತಿ ಅಷ್ಟೆ.

ಹನ್ನೊಂದು ವರ್ಷ ಹೀಗೆ ಕಳೆದವು. ಇದು ಹನ್ನೆರಡನೆಯದು, ಹರಕೆಯ ಕೊನೆಯ ವರ್ಷ. ಇದಾದ ಮೇಲೆ ಹದಿನೆಂಟು ದಿನವೂ ಇಲ್ಲ. ಶಿವರಾತ್ರಿಯಿಂದಲೇ ಗುರವ್ವ ಬೆರಳು ಮಡಿಸಿ ಎಣಿಸುತ್ತಿದ್ದಳು. ಈ ಸಲದ ದಿನಗಳನ್ನು ಒಂದೊಂದಾಗಿ ನೆಕ್ಕಿ ತಿನ್ನಬೇಕು ಎಂದುಕೊಂಡಿದ್ದಳು. ಅಷ್ಟರಲ್ಲಿ ಸಂತೆಯಲ್ಲಿ ಯಾವನೋ ಬಾಯಿ ತೆರೆದ.

"ಏನಪಾ ವಿರೂಪಾಕ್ಷಪ್ಪ, ನಿನ್ನ ಹೇಣ್ತಿ ರಾಮದುರ್ಗದಾಗ ಗಂಡಸೂರ ಕಾಲ ತೊಡಿ ಮ್ಯಾಲ ಇಟಗೊಂಡ ಕುಂತಿದ್ಲು. ಹ್ವಾದ ವರ್ಷ ನಾನ ಕಣ್ಣಾರೆ ನೋಡೇನಿ."

ಅಂದು ಮನೆಗೆ ಬಂದವನು ಬಾರುಕೋಲನ್ನು ಗೂಟಕ್ಕೆ ಸಿಕ್ಕಿಸಲಿಲ್ಲ. ಗುರವ್ವ ಕೊಟ್ಟಿಗೆಯಿಂದ ಎದ್ದು ಬರಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಅವನು ಮೀಸೆಗೆ ನೀರು ಹಚ್ಚಿ ತೀಡುತ್ತ ಹೇಳಿದ:

"ಈ ವರ್ಷ ನಾನೂ ಬರತೇನಿ. ಕಂಬಿ ನಾನ ಹೊರತೇನಿ. ನೋಡೂಣು, ಯಾರ್ಯಾರ ಕಾಲ ತಿಕ್ಕತಿ."

ಕಂಬಿಯೆಂದರೆ ತಂಡದ ಪ್ರಾಣ. ಉದ್ದ ಬಿದಿರು, ಎರಡೂ ತುದಿಗೆ ತೂಗುವ ಹಿತ್ತಾಳೆ ಕೊಡ, ಮೇಲೆ ಕಾವಿ ಬಟ್ಟೆ, ನವಿಲುಗರಿ, ಗೆಜ್ಜೆ. ಅದು ಶ್ರೀಶೈಲ ಮುಟ್ಟುವವರೆಗೆ ನೆಲ ಮುಟ್ಟಬಾರದು. ತಂಗಿದ ಕಡೆ ಮರಕ್ಕೋ ಕವೆಗೋಲಿಗೋ ತೂಗುಹಾಕುತ್ತಾರೆ. ಹೊತ್ತವನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ದಾರಿಯುದ್ದಕ್ಕೂ ಜನ ಅವನ ಪಾದ ತೊಳೆದು ಮಲ್ಲಯ್ಯ ಎನ್ನುತ್ತಾರೆ. ಹೊರಡುವ ದಿನ ಮಲಕಾಜಪ್ಪಜ್ಜ ಎಲ್ಲರೆದುರು ವಿರೂಪಾಕ್ಷಪ್ಪನ ಹೆಗಲಿಗೆ ಕಂಬಿಯಿಟ್ಟು ಕಟ್ಟಳೆ ಹೇಳಿದ.

"ಕಂಬಿ ಹೆಗಲೇರಿತಂದ್ರ ನೀ ವಿರೂಪಾಕ್ಷ ಅಲ್ಲ, ಮಲ್ಲಯ್ಯ. ಕುಡಿಯಂಗಿಲ್ಲ, ಚಪ್ಪಲಿ ಮೆಟ್ಟಂಗಿಲ್ಲ, ಹೊಲಸ ಮಾತ ಆಡಂಗಿಲ್ಲ. ಯಾರ ಮ್ಯಾಲೂ ಕೈ ಎತ್ತಂಗಿಲ್ಲ. ಎತ್ತಿದೀ ಅಂದ್ರ ಕಂಬಿ ಇಳಿಸಿ ಹೊಳ್ಳಿ ಮನಿಗೆ ಹೋಗಬೇಕು."

"ಆತು ಅಜ್ಜಾರ" ಎಂದ ವಿರೂಪಾಕ್ಷಪ್ಪ, ಎಳೆಗರುವಿನಷ್ಟು ಸಾಧುವಾಗಿ. ಕೈ ಎತ್ತಿದರೆ ಹೊಳ್ಳಿ ಹೋಗಬೇಕು ಎಂಬ ಮಾತನ್ನು ಮಾತ್ರ ಗುರವ್ವ ಸೆರಗಿನ ತುದಿಗೆ ಗಂಟು ಹಾಕಿದಂತೆ ಮನಸ್ಸಿನಲ್ಲಿ ಕಟ್ಟಿಕೊಂಡಳು.

ಮೊದಲ ದಿನ ಬೈಲಹೊಂಗಲದಲ್ಲಿ ಓಣಿ ಓಣಿಯ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ವಿರೂಪಾಕ್ಷಪ್ಪನ ಪಾದಕ್ಕೆ ಹತ್ತಾರು ಬಿಂದಿಗೆ ನೀರು ಬಿತ್ತು, ಹತ್ತಾರು ಹಣೆ ಮುಟ್ಟಿತು. ಅವನು ಕಣ್ಣು ಅರೆಮುಚ್ಚಿ ನಿಂತಿದ್ದ ಚೆಂದ ನೋಡಿದರೆ ಹುಟ್ಟಿದಾಗಿನಿಂದ ಯಾರಿಗೂ ಅರೇ ಅಂದವನಲ್ಲ ಅನ್ನಬೇಕು. ಆ ಪಾದಗಳ ಮೇಲೆ ಗುರವ್ವನ ಕಣ್ಣು ಬೇರೆ ಕಾರಣಕ್ಕೆ ಬಿತ್ತು. ಇಪ್ಪತ್ತು ವರ್ಷ ಮೋಟರ್ ಸೈಕಲ್ ಮೇಲೆ ಓಡಾಡಿದ ಪಾದಗಳು, ಹಿಮ್ಮಡಿ ಸಹ ಮೆತ್ತಗೆ. ಊರು ದಾಟಿದ ಮೇಲೆ ಅವನು ರಸ್ತೆಯ ನಟ್ಟನಡುವೆ ಕಪ್ಪು ಡಾಂಬರಿನ ಮೇಲೆ ಎದೆಯುಬ್ಬಿಸಿ ನಡೆದ. ಬಿಳಿ ಪಟ್ಟಿಯ ಗುಟ್ಟನ್ನು ಹೊಸಬರಿಗೆಲ್ಲ ಹೇಳಿದ ಗುರವ್ವ ಅವನೊಬ್ಬನಿಗೆ ಹೇಳಲಿಲ್ಲ. ಪಾಪವೆನಿಸಿತೇ ಎಂದು ಕೇಳಿದರೆ, ಇಲ್ಲ, ಎನಿಸಲಿಲ್ಲ.

ಎರಡನೆಯ ದಿನ ಸವದತ್ತಿಯ ದಾರಿಯಲ್ಲಿ ಮಧ್ಯಾಹ್ನದ ತಂಗುವಿಕೆಗೆ ಬೇವಿನ ಮರ ಸಿಕ್ಕಿತು. ಗುರವ್ವ ಅದೂ ಇದೂ ನೋಡದೆ ಚೀಲ ಬಿಚ್ಚಿ ಕೂತಳು. ಮೀನಖಂಡ ಹಿಡಿದುಕೊಂಡ ಒಬ್ಬ ಹೊಸಬನ ಕಾಲನ್ನು ಮೊಣಕೈಯಿಂದ ಒತ್ತಿ ಸಡಿಲ ಮಾಡುತ್ತಿದ್ದಳು. ವಿರೂಪಾಕ್ಷಪ್ಪ ನೋಡಿದ. ಕಂಬಿಯನ್ನು ಜೋಪಾನವಾಗಿ ಮರದ ಕವೆಗೆ ತೂಗುಹಾಕಿದ, ಕೈಮುಗಿದ, ಆಮೇಲೆ "ಗುರವ್ವಾ, ಇಲ್ಲಿ ಬಾ" ಎಂದು ರಸ್ತೆಯ ಬದಿಯ ಕಬ್ಬಿನ ಹೊಲದೊಳಗೆ ನಡೆದ. ಅವಳು ಹಿಂದೆ ಹೋದಳು. ಯಾಕೆ ಹೋದಳು ಅನ್ನುವವರು ಇಪ್ಪತ್ತೇಳು ವರ್ಷ ಅವಳ ಮನೆಯಲ್ಲಿ ಇದ್ದು ಬಂದು ಕೇಳಲಿ.

"ಈಗ ಹೆಗಲ ಮ್ಯಾಲ ಕಂಬಿ ಇಲ್ಲ" ಎಂದ ಅವನು, ಸಾವಕಾಶವಾಗಿ. "ಈಗ ನಾ ಮಲ್ಲಯ್ಯ ಅಲ್ಲ, ವಿರೂಪಾಕ್ಷ."

ಮುಷ್ಟಿಯಿಂದ ಹೊಟ್ಟೆಗೆ ಗುದ್ದಿದ. ಅವಳು ಮಡಿಸಿಕೊಂಡು ಬಿದ್ದಾಗ ಬೆನ್ನ ಮೇಲೆ ಮೊಣಕಾಲೂರಿ ಬಾಯಿಗೆ ಕಬ್ಬಿನ ಒಣ ರವದಿ ತುರುಕಿದ. ಎಡಗೈ ಹಿಡಿದು ಒಂದೊಂದೇ ಬೆರಳನ್ನು ಹಿಂದಕ್ಕೆ ಮಣಿಸತೊಡಗಿದ.

"ಯಾವ ಬೆರಳಿಲೆ ಮುಟ್ಟಿದಿ? ಇದಾ? ಇದಾ ಏನ?"

ಕಿರುಬೆರಳು ಹಸಿ ಕಡ್ಡಿಯ ಸದ್ದು ಮಾಡಿ ಮುರಿಯಿತು. ಗುರವ್ವ ರವದಿಯನ್ನು ಕಚ್ಚಿ ಹಿಡಿದಳು. ಅವನು ಎದ್ದು ಧೋತರ ಝಾಡಿಸಿಕೊಂಡು ಹೊರಗೆ ಹೋದ. ಅವಳು ಬರುವ ಹೊತ್ತಿಗೆ ಕಂಬಿ ಮತ್ತೆ ಅವನ ಹೆಗಲ ಮೇಲಿತ್ತು, ಒಬ್ಬ ಮುದುಕಿ ಅವನ ಪಾದಕ್ಕೆ ಹಣೆ ಹಚ್ಚುತ್ತಿದ್ದಳು.

ಬೆರಳನ್ನು ಕಂಡವರಿಗೆ ಜಾರಿ ಬಿದ್ದೆನೆಂದಳು. ಎಲ್ಲರೂ ನಂಬಿದರು, ಯಾಕೆಂದರೆ ನಂಬುವುದು ಸುಲಭ. ನಂಬದವಳು ಕಾಡವ್ವ ಒಬ್ಬಳೇ. ಕಾಡವ್ವ ಗಂಡ ಸತ್ತ ಹೆಂಗಸು, ಊರಲ್ಲಿ ಬಳೆ ಮಾರುವವಳು, ದಾರಿಯಲ್ಲಿ ಗುರವ್ವನ ಪಕ್ಕಕ್ಕೇ ಹಾಸಿಗೆ ಬಿಚ್ಚುವವಳು. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. ಉಗರಗೋಳದಲ್ಲಿ ತಂಡ ಇಳಿದಾಗ ಅವಳೇ ನಿಜ ಬಾಯಿ ಬಿಡಿಸಿ, ಕಿರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಬಟ್ಟೆ ಸುತ್ತಿದಳು.

"ಹೊಳ್ಳಿ ಮಗಳ ಮನಿಗರ ಹೋಗ ಬೇ. ಕಿತ್ತೂರೇನ ದೂರ ಐತಿ?" ಎಂದಳು.

"ಮಗಳ ಅತ್ತಿಮನಿಯಾಗ ಎಷ್ಟ ದಿನ ಕುಂಡ್ರಲಿ?" ಎಂದಳು ಗುರವ್ವ. "ಹೋಗೂದಾದ್ರ ಅವ್ರು ಹೋಗ್ಲಿ. ಈ ದಾರಿ ನಂದು ಕಾಡವ್ವಾ. ಇದೊಂದ ನಂದು."

ಹೇಳಿ ಮುಗಿಸಿದ ಮೇಲೆ ತನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಕಾಡವ್ವ ನೇರ ಮಲಕಾಜಪ್ಪಜ್ಜನ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅಜ್ಜ ವಿಭೂತಿಗಟ್ಟಿ ತೀಡುತ್ತ, "ಕಬ್ಬಿನಾಗ ಆಗಿದ್ದ ನಾ ನೋಡಿಲ್ಲ. ನೋಡಲಾರದ್ದಕ್ಕ ಕಂಬಿ ಹೆಂಗ ಇಳಸಲಿ?" ಎಂದ. ಕಂಬಿ ಹೊತ್ತವನು ನಡುದಾರಿಯಲ್ಲಿ ಬದಲಾದರೆ ಇಡೀ ಊರಿಗೆ ಅಪಶಕುನ ಎಂಬ ಅಂಜಿಕೆ ಅವನದು. ಒಬ್ಬ ಹೆಂಗಸಿನ ಬೆರಳು ಮುರಿದರೆ ಊರಿಗೆ ಏನೂ ಆಗುವುದಿಲ್ಲವಲ್ಲ.

ಮೂರನೆಯ ದಿನ ಹೂಲಿ ದಾಟುವಾಗ ಬಿಸಿಲು ನೆತ್ತಿ ಸೀಳುತ್ತಿತ್ತು. ಕುಡಿತ ಬಿಟ್ಟು ಮೂರು ದಿನವಾದ ವಿರೂಪಾಕ್ಷಪ್ಪನ ಹೆಗಲ ಮೇಲೆ ಕಂಬಿಯ ಕೊಡಗಳು ಒಂದಕ್ಕೊಂದು ತಾಳ ತಪ್ಪಿ ತೂಗುತ್ತಿದ್ದವು. ಅಂಗಾಲ ತುಂಬ ಗುಳ್ಳೆ ಎದ್ದದ್ದು ಹಿಂದೆ ನಡೆಯುವ ಗುರವ್ವನಿಗೆ ಅವನ ಹೆಜ್ಜೆಯಿಂದಲೇ ತಿಳಿಯಿತು. ಮೊದಲು ಹಿಮ್ಮಡಿ ಎತ್ತಿ ನಡೆದ, ಆಮೇಲೆ ಪಾದದ ಹೊರ ಅಂಚಿನ ಮೇಲೆ. ಯಾರಿಗೂ ಹೇಳಲಿಲ್ಲ, ಸೂಜಿಯನ್ನೂ ಕೇಳಲಿಲ್ಲ. ಹೆಂಡತಿಯ ಹತ್ತಿರ ಕಾಲು ನೋಯುತ್ತದೆ ಅನ್ನುವುದಕ್ಕಿಂತ ಕಾಲು ಹೋದರೂ ಅವನಿಗೆ ಅಡ್ಡಿಯಿರಲಿಲ್ಲ.

ನಾಲ್ಕನೆಯ ದಿನ ಹೊತ್ತು ಇಳಿಯುವ ಮುಂಚೆ ರಾಮದುರ್ಗ ಬಂತು. ಮಲಪ್ರಭೆಯಲ್ಲಿ ಕಾಲು ತೊಳೆದು ತಂಡ ಒಂದು ಮಠದ ಅಂಗಳದಲ್ಲಿ ಕೂತಿತು. ಊರಿನವರು ಹಂಡೆಯಲ್ಲಿ ಬಿಸಿನೀರು ಕಾಯಿಸಿ ಇಟ್ಟಿದ್ದರು. ಆಲದ ಮರಕ್ಕೆ ಕಂಬಿ ತೂಗುತ್ತಿತ್ತು. ಗುರವ್ವ ಮಲಕಾಜಪ್ಪಜ್ಜನ ಹಿಮ್ಮಡಿಗೆ ನೂಲು ಎಳೆಯುತ್ತ ಕೂತಿದ್ದಳು. ಉರಿಯುವ ಕಾಲು, ಕುಡಿತವಿಲ್ಲದ ನಾಲ್ಕು ದಿನದ ಬಾಯಾರಿಕೆ, ಎರಡೂ ಕೂಡಿ ವಿರೂಪಾಕ್ಷಪ್ಪನಿಗೆ ಈ ಸಲ ಕಬ್ಬಿನ ಮರೆ ಹುಡುಕುವ ತಾಳ್ಮೆ ಉಳಿದಿರಲಿಲ್ಲ. ಯಾರದೋ ಊರುಗೋಲು ಕಸಿದುಕೊಂಡು ಬಂದು ಎಣ್ಣೆಯ ಬಟ್ಟಲನ್ನು ಒದ್ದ.

"ಮುದುಕೂರನ್ನೂ ಬಿಡಂಗಿಲ್ಲೇನಲೇ ನೀ!"

ಮೊದಲ ಏಟು ಅವಳ ಹೆಗಲಿಗೆ, ಎರಡನೆಯದು ತಲೆಗೆ. ಸೆರಗು ಕೆಂಪಾಯಿತು. ಮೂರನೆಯದು ಅವಳು ಬಗ್ಗಿದ್ದರಿಂದ ಜಾರಿ ಅಜ್ಜನ ಮೊಣಕಾಲ ಚಿಪ್ಪಿಗೆ ಬಿತ್ತು. ಮೊದಲ ಎರಡು ಏಟಿಗೆ ಬೀಡಿ ಸೇದುತ್ತ ನೋಡುತ್ತಿದ್ದ ಗಂಡಸರು ಮೂರನೆಯದಕ್ಕೆ ಹಾರಿ ಎದ್ದರು.

"ಅಜ್ಜಗ ಹೊಡದಾ! ಹಿಡೀರೋ ಅವನ್ನ!"

ನಾಲ್ಕು ಜನ ಅವನನ್ನು ಹಿಡಿದರು, ಒಬ್ಬ ಕಪಾಳಕ್ಕೆ ಬಾರಿಸಿದ. ವಿರೂಪಾಕ್ಷಪ್ಪನಿಗೆ ಮಾಡಿದ್ದು ಏನೆಂದು ಆಗ ಅರಿವಾಯಿತು. ಅಜ್ಜನ ಕಾಲಿಗೆ ಉದ್ದಕ್ಕೆ ಬಿದ್ದು ಅತ್ತ. ತಪ್ಪಾತು, ಕಣ್ಣಿಗೆ ಕತ್ತಲಿ ಬಂತು, ಮಲ್ಲಯ್ಯಾ ಎಂದು ನೆಲಕ್ಕೆ ಹಣೆ ಬಡಿದುಕೊಂಡ. ಅಜ್ಜ ಮೊಣಕಾಲು ತಿಕ್ಕಿಕೊಂಡ. ಗುರವ್ವನ ಹಣೆಯಿಂದ ಇಳಿದ ರಕ್ತ ಗದ್ದಕ್ಕೆ ಬಂದು ತೊಟ್ಟಿಕ್ಕುತ್ತಿತ್ತು. ಅವಳು ಅಜ್ಜನ ಬಾಯನ್ನೇ ನೋಡುತ್ತಿದ್ದಳು. ಈಗ ನೋಡಿದಿರಲ್ಲ, ಈಗ ಹೇಳಿರಿ, ಹೊಳ್ಳಿ ಹೋಗೆನ್ನಿರಿ.

"ಏಳಪಾ" ಎಂದ ಅಜ್ಜ. "ನನಗ ಬಿದ್ದ ಏಟ ನಾ ಮಾಫ ಮಾಡೇನಿ."

"ಆಕಿಗೆ ಬಿದ್ದ ಏಟ?" ಕಾಡವ್ವ ಎದ್ದು ನಿಂತಿದ್ದಳು.

"ಅದು ಗಂಡ ಹೇಣ್ತೀರ ವಿಷಯ."

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ಕಡೆಯವರು ಶ್ರೀಶೈಲಕ್ಕೆ ಹೋಗುವುದು ಬರೀ ಭಕ್ತರಾಗಿ ಅಲ್ಲ. ಅಲ್ಲಿಯ ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ತವರಿನವರು ಸೀರೆ ಕುಪ್ಪಸ ಹೊತ್ತು, ಮಗಳು ಹೇಗಿದ್ದಾಳೆ ನೋಡಿ ಬರಲು ಹೋಗುತ್ತಾರೆ. ಅಳಿಯನೊಡನೆ ಸಲಿಗೆಯ ಜಗಳವನ್ನೂ ಆಡುತ್ತಾರೆ. ಆ ವರ್ಷದ ಇಳಕಲ್ ಸೀರೆ ಅಜ್ಜನ ತಲೆದಿಂಬಿನ ಗಂಟಿನಲ್ಲೇ ಇತ್ತು. ಕಾಡವ್ವ ಆ ಗಂಟಿಗೆ ಬೆರಳು ತೋರಿಸಿದಳು.

"ಮಗಳ ಸುಖದಾಗ ಅದಾಳೋ ಇಲ್ಲೋ ಅಂತ ನೋಡಾಕ ಐನೂರ ಕಿಲೋಮೀಟರ ನಡೀತೀರಿ. ಇಲ್ಲೆ ಬಾಜೂಕ ಕುಂತಾಕಿ ಮಾರಿ ಒಮ್ಮೆ ನೋಡ್ರೆಲಾ! ಈಕೀನೂ ಯಾರದರ ಮಗಳ ಹೌದಿಲ್ಲೋ?"

ಅಜ್ಜನ ಮುಖ ಕೆಂಪಾಯಿತು. ಆದರೆ ಮರದಲ್ಲಿ ತೂಗುವ ಕಂಬಿಯನ್ನು ನೋಡಿದ, ಮುಂದಿರುವ ನಾನೂರು ಕಿಲೋಮೀಟರು ನೆನೆದ, ಸುಲಭದ ದಾರಿ ಹಿಡಿದ. "ಸಾಕ ಮಾಡು ಕಾಡವ್ವಾ. ಗುರವ್ವಾ, ಆತಿದ್ದ ಆತು. ಅವನ ಕಾಲ ನೋಡವಾ, ಗುಳ್ಳಿ ಎದ್ದಾವ. ನಾಳಿ ಕಂಬಿ ನಡೀಬೇಕು" ಎಂದ.

ವಿರೂಪಾಕ್ಷಪ್ಪ ಕಣ್ಣೊರೆಸಿಕೊಂಡು ಕಟ್ಟೆಯ ಮೇಲೆ ಕೂತ. ಗುರವ್ವ ಅಜ್ಜನ ಮುಖವನ್ನು ಒಂದು ಗಳಿಗೆ ನೋಡಿ, ಹಂಡೆಯಿಂದ ಬೋಗುಣಿಗೆ ಬಿಸಿನೀರು ತೋಡಿಕೊಂಡು ಬಂದಳು, ಉಪ್ಪು ಹಾಕಿದಳು, ಗಂಡನ ಎರಡೂ ಪಾದ ಅದರಲ್ಲಿಟ್ಟಳು. ಬಹಳ ಹೊತ್ತು ಇಟ್ಟಳು. ಬಿಸಿನೀರಿಗೆ ಗುಳ್ಳೆಯ ಚರ್ಮ ಬೆಳ್ಳಗೆ, ಮೆತ್ತಗೆ, ಸುಕ್ಕುಸುಕ್ಕಾಯಿತು. ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗೆ ಒಂದೇ ಗುಳ್ಳೆ, ಎರಡೂ ಕಾಲಿಗೆ. ಇಂಥ ಕಾಲನ್ನು ಅವಳು ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ನಡೆಸಿದ್ದಳು. ಐದು ನೂಲು ಸಾಕಿತ್ತು.

"ಕಾಲ ಚಾಚ್ರಿ" ಎಂದಳು.

ಅವನು ಚಾಚಿದ. ಅವಳು ತೊಡೆಯ ಮೇಲಿಟ್ಟುಕೊಂಡಳು. ನೆತ್ತಿಯ ರಕ್ತ ಇನ್ನೂ ಹಸಿಯಾಗಿತ್ತು. ವಿರೂಪಾಕ್ಷಪ್ಪ ಸುತ್ತ ಕೂತವರತ್ತ ನೋಡಿ, ಹಳೆಯ ಗತ್ತು ಮರಳಿ ಬಂದು, "ನೋಡ್ರಿ, ಈಗ ಖರೇ ಹಿಡಿಯೋ ಕಾಲ ಹಿಡದ್ಲು" ಎಂದ. ಇಬ್ಬರು ಮೂವರು ನಕ್ಕರು. ಕೆಟ್ಟವರೇನಲ್ಲ ಅವರು, ಕಳೆದ ವರ್ಷ ಅವಳ ಸೂಜಿಯಿಂದಲೇ ನಡೆದವರು. ಆ ನಗೆ ಕಿವುಡಾದ ಬಲಗಿವಿಗೂ ಕೇಳಿಸಿತು. ಗುರವ್ವನಿಗೆ ಸಿಟ್ಟು ಬರಲಿಲ್ಲ. ಸೂಜಿಯನ್ನು ಪಕ್ಕಕ್ಕಿಟ್ಟಳು.

ಬಲಗೈಯ ಹೆಬ್ಬೆರಳಿನ ಉಗುರನ್ನು ಹಿಮ್ಮಡಿಯ ಅಂಚಿಗೆ ಹೊಗಿಸಿ, ಚರ್ಮದ ಚುಂಗು ಹಿಡಿದು ಒಂದೇ ಎಳೆತಕ್ಕೆ ಬೆರಳ ಬುಡದವರೆಗೆ ಸುಲಿದಳು.

ಅವನು ಅರಚಿದ ರಭಸಕ್ಕೆ ಆಲದ ಮರದ ಕಾಗೆಗಳು ಎದ್ದವು. ಇನ್ನೊಂದು ಕಾಲಿನಿಂದ ಅವಳ ಬಾಯಿಗೆ ಒದ್ದ. ಮುಂದಿನ ಹಲ್ಲೊಂದು ಕಳಚಿ ನಾಲಿಗೆಯ ಮೇಲೆ ಬಿತ್ತು. ಅವಳು ಅದನ್ನು ಉಗಿದು, ಒದ್ದ ಕಾಲನ್ನೇ ಗಾಳಿಯಲ್ಲಿ ಹಿಡಿದು ಕಂಕುಳಲ್ಲಿ ಇರುಕಿಕೊಂಡಳು. ಹಟಮಾರಿ ಕರುವಿನ ಕಾಲನ್ನು ಅವಳು ದಿನಾಲೂ ಹಾಗೆ ಇರುಕುತ್ತಿದ್ದಳು. ಅವನು ಮುಷ್ಟಿಯಿಂದ ಅವಳ ಬೆನ್ನಿಗೆ, ಕುತ್ತಿಗೆಗೆ, ಕಿವಿಗೆ ಗುದ್ದಿದ. ಹೊಡೆತಕ್ಕೆ ಆ ಮೈ ಹೊಸದೇ? ಮುರಿದ ಕಿರುಬೆರಳ ಕೈಯಿಂದ ಕಾಲಿನ ಹರಡು ಹಿಡಿದು, ಇನ್ನೊಂದು ಕೈಯಿಂದ ಎರಡನೆಯ ಪಾದವನ್ನೂ ಸುಲಿದಳು. ಕೆಂಪು ಮಾಂಸ ಹೊರಬಿದ್ದಿತು. ಕೈಯಲ್ಲಿ ಉಳಿದ ಚರ್ಮವನ್ನು ನೀರಿನ ಬೋಗುಣಿಗೆ ಹಾಕಿ ಎದ್ದು ನಿಂತಳು.

ಎಲ್ಲ ಎರಡು ಉಸಿರಿನೊಳಗೆ ಮುಗಿದಿತ್ತು. ಆಗ ಜನ ಓಡಿ ಬಂದರು.

"ಕೈ ತಪ್ಪಿತೇನ ಬೇ?" ಎಂದು ಯಾರೋ ಕೇಳಿದರು. ಅದು ಅವಳಿಗೆ ಕೊಟ್ಟ ಬಾಗಿಲು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ತಪ್ಪಿಲ್ಲ. ಬೇಕಂತ ಸುಲದೇನಿ."

"ಮಲ್ಲಯ್ಯನ ಕಾಲ ಸುಲದೀಯೇನವಾ!" ಎಂದು ಮಲಕಾಜಪ್ಪಜ್ಜ ಕೂಗಿದ.

"ಮಲ್ಲಯ್ಯ ಅಲ್ಲೆ ಗಿಡದಾಗ ತೂಗಾಕತ್ತ್ಯಾನ ಅಜ್ಜಾ." ಒಡೆದ ತುಟಿಯಿಂದ ಮಾತು ತೊದಲುತ್ತಿತ್ತು. "ಕಂಬಿ ಹೆಗಲ ಮ್ಯಾಲ ಇಲ್ಲಂದ್ರ ತಾ ಬರೇ ವಿರೂಪಾಕ್ಷ ಅಂತ ಕಬ್ಬಿನಾಗ ಅವರ ಹೇಳ್ಯಾರ. ನನ್ನ ಬೆರಳ ಮುರಿಯೂ ಮುಂದ."

ವಿರೂಪಾಕ್ಷಪ್ಪ ನೆಲದ ಮೇಲೆ ಹೊರಳಾಡುತ್ತಿದ್ದ. ಕಾಲಿಗೆ ಗಾಳಿ ತಾಗಿದರೂ ಕೂಗುತ್ತಿದ್ದ. ಸಾಮಾನಿನ ಟೆಂಪೋದಲ್ಲಿ ಅವನನ್ನು ದವಾಖಾನೆಗೆ ಒಯ್ದು, ಅಲ್ಲಿಂದ ಊರಿಗೆ ಕಳಿಸುವುದೆಂದಾಯಿತು. ನಾಲ್ವರು ಎತ್ತಿ ಮಲಗಿಸುವಾಗ ಅವನು ಹಲ್ಲು ಕಚ್ಚಿ ಹೇಳಿದ: "ಮನಿಗೆ ಬಾ. ನಿನ್ನ ಹೆಣಾ ಹಾಕ್ತೇನಿ." ಗುರವ್ವ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿ, ಆಮೇಲೆ ಅಲ್ಲೇ ಕುಸಿದು ಕೂತು, ಕಾಡವ್ವನ ಮಡಿಲಲ್ಲಿ ಮುಖವಿಟ್ಟು ಸಣ್ಣ ಹುಡುಗಿಯಂತೆ ಅತ್ತಳು.

ಮರುದಿನ ಕಂಬಿ ಬೇರೆಯವನ ಹೆಗಲೇರಿತು. ನೀನೂ ಹೊಳ್ಳಿ ಹೋಗು ಎಂದು ಅಜ್ಜ ಅವಳಿಗೆ ಹೇಳಿ ನೋಡಿದ. ಅವಳು ಬಿಳಿ ಪಟ್ಟಿಯ ಮೇಲೆ ಎಲ್ಲರಿಗಿಂತ ಹಿಂದೆ ನಡೆದಳು. ಬೆಲೆಯನ್ನೂ ಕೊಡಬೇಕಾಯಿತು. ಯಾರೂ ಅವಳಿಗೆ ಕಾಲು ಕೊಡಲಿಲ್ಲ. ಅವಳು ಚೀಲ ಬಿಚ್ಚಿ ಕೂತರೆ ಜನ ಪಾದ ಮಡಿಸಿಕೊಂಡು ಅತ್ತ ತಿರುಗುತ್ತಿದ್ದರು, ತಾವೇ ಗುಳ್ಳೆ ಒಡೆದುಕೊಂಡು ಕೀವು ಮಾಡಿಕೊಳ್ಳುತ್ತಿದ್ದರು. ಸೂಜಿ ಗುರವ್ವ ಎಂಬ ಹೆಸರು ರಾಮದುರ್ಗದಲ್ಲೇ ಉಳಿಯಿತು. ಇದು ಅವಳಿಗೆ ಹಲ್ಲು ಹೋದದ್ದಕ್ಕಿಂತ ನೋವಾಯಿತು. ಬೇರೆಯವರ ಕಾಲಿಗೆ ಅವಳು ಎಂದಾದರೂ ದ್ರೋಹ ಮಾಡಿದ್ದಳೇ?

ಬಾದಾಮಿ ದಾಟಿ ಮೂರನೆಯ ದಿನ ಮಲಕಾಜಪ್ಪಜ್ಜ ಕುಂಟುತ್ತ ಬಂದು ಅವಳೆದುರು ಕೂತ. ಹಿಮ್ಮಡಿ ಬಾತಿತ್ತು.

"ಸುಲಿಯಂಗಿಲ್ಲ ಹೌದಲ್ಲವಾ?"

"ನೀವು ಹೊಡಿಯಂಗಿಲ್ಲಲ್ಲ ಅಜ್ಜಾ."

ಅಜ್ಜ ಕಾಲು ಚಾಚಿದ. ಅವಳು ನೂಲು ಪೋಣಿಸಿದಳು. ಅವನು ಕ್ಷಮೆ ಕೇಳಲಿಲ್ಲ, ಅಂಥ ಮಾತು ಆ ತಲೆಮಾರಿನ ಬಾಯಲ್ಲಿ ಬರುವುದಿಲ್ಲ. ಶ್ರೀಶೈಲ ಮುಟ್ಟಿದ ದಿನ ಮಾತ್ರ ಭ್ರಮರಾಂಬೆಯ ಸೀರೆಯ ಗಂಟನ್ನು ಎಲ್ಲರೆದುರು ಗುರವ್ವನ ಕೈಗೆ ಕೊಟ್ಟು, ನೀನೇ ಉಡಿ ತುಂಬು ಎಂದ. ಗುರವ್ವ ತುಂಬಿದಳು. ಏನೂ ಬೇಡಿಕೊಳ್ಳಲಿಲ್ಲ. ಕಲ್ಲಿನ ಕಂಬಕ್ಕೆ ಒರಗಿ, ನಾಳೆ ಬಸ್ಸು, ನಾಡಿದ್ದು ಮನೆ ಎಂದು ಎಣಿಸಿದಳು. ಹರಕೆ ತೀರಿತ್ತು. ಬಸ್ಸಿನಲ್ಲಿ ಬರುವಾಗ ಕಾಡವ್ವ, ನನ್ನ ಮನೆಗೆ ಬಂದಿರು ಎಂದಳು. ಶೈಲಜಾ ಫೋನಿನಲ್ಲಿ ಅತ್ತಳು. ಇಬ್ಬರಿಗೂ ಮೊದಲು ಮನೆ ನೋಡುತ್ತೇನೆ ಎಂದಳು. ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಇಳಿದು ಒಬ್ಬಳೇ ಊರಿನ ದಾರಿ ಹಿಡಿದಳು. ಹೆಣ ಹಾಕುತ್ತೇನೆ ಅಂದವನು ಹಾಕದೆ ಬಿಡುವವನಲ್ಲ ಎಂಬುದು ಅವಳಷ್ಟು ಬೇರೆ ಯಾರಿಗೆ ಗೊತ್ತು?

ಮನೆಯ ಮುಂದೆ ಬಿಸಿಲು ಇನ್ನೂ ಇತ್ತು. ವಿರೂಪಾಕ್ಷಪ್ಪ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಪಾದಕ್ಕೆ ಸುತ್ತಿದ ಬಟ್ಟೆ ಬಿಚ್ಚಿತ್ತು, ಎಳೆಯ ಗುಲಾಬಿ ಚರ್ಮ ಹೊಸದಾಗಿ ಬಂದಿತ್ತು. ಬಾರುಕೋಲು ಕೈಯಳತೆಯಲ್ಲೇ ಗೋಡೆಗೆ ಒರಗಿತ್ತು. ಎದುರು ಮನೆಯಲ್ಲಿ ಟೀವಿಯ ಸದ್ದು ಏರಿತು. ಗುರವ್ವ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ತಲೆಯ ಮೇಲಿನ ಗಂಟನ್ನು ಇಳಿಸಿ, ಅವನ ಮುಖ ನೋಡಿದಳು, ಬಾರುಕೋಲು ನೋಡಿದಳು, ಆಮೇಲೆ ಕಣ್ಣು ತಗ್ಗಿಸಿ ಅವನ ಪಾದ ನೋಡಿದಳು.

"ಹರಕಿ ತೀರಿತು" ಎಂದಳು. "ಆದ್ರ ಬರೂ ವರ್ಷಾನೂ ನಾ ಹೋಗಾಕಿ."

ವಿರೂಪಾಕ್ಷಪ್ಪನ ಕೈ ಗೋಡೆಯ ಕಡೆ ಅರ್ಧಕ್ಕೆ ಹೋಯಿತು. ಗುರವ್ವ ಹಿಂದೆ ಸರಿಯಲಿಲ್ಲ, ಅವನ ಪಾದದಿಂದ ಕಣ್ಣನ್ನೂ ತೆಗೆಯಲಿಲ್ಲ. ಕೈ ಅಲ್ಲೇ ನಿಂತಿತು. ಅವನು ಎರಡೂ ಕಾಲನ್ನು ಮೆಲ್ಲಗೆ ಕಟ್ಟೆಯ ಮೇಲಕ್ಕೆ ಎಳೆದುಕೊಂಡು, ಧೋತರದ ಒಳಗೆ ಮುಚ್ಚಿಕೊಂಡ.